ಹೆಸರಿನ ಗೋಡೆ: ಪಟ್ಟಿ ಮುಗಿಯದೆ ಕಲ್ಲಿಗೆ ಕೈ ಹಾಕಬೇಡಿ

ದಾಳಿಯಲ್ಲಿ ಸತ್ತವರಿಗೆ ಸ್ಮಾರಕ ಎಂದೊಡನೆ ಸಮಿತಿಯವರು ಕೇಳುವುದು ಎತ್ತರ ಎಷ್ಟು, ಕಲ್ಲು ಯಾವುದು ಅಂತ. ನಾವು ಮಾಡಿದ ಗೋಡೆಗೆ ಹಿಡಿದ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಹೆಸರಿನ ಪಟ್ಟಿಗೆ. ಮನೆಯವರು ಬೇಡ ಎಂದಿರುವುದರಿಂದ ಊರು, ಘಟನೆ ಇಲ್ಲಿ ಬರೆಯುತ್ತಿಲ್ಲ. ಕೆಲಸದ ಕ್ರಮ ಮಾತ್ರ.

ಪಟ್ಟಿ ಮೂರು ಕಡೆಯಿಂದ ಬರುತ್ತದೆ: ಪೊಲೀಸ್ ದಾಖಲೆ, ಪರಿಹಾರದ ಕಡತ, ಮನೆಯವರು. ಒಂದೇ ಹೆಸರು ಮೂರು ಕಡೆ ಮೂರು ಥರ ಇರುತ್ತದೆ. ಕಡತದ್ದು ಬಹುಪಾಲು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದದ್ದು, ಅಲ್ಲಿ 'ಗೀತ'ವೂ 'ಗೀತಾ'ವೂ ಒಂದೇ. ಮನೆಯವರು ಬರೆದುಕೊಟ್ಟದ್ದೇ ಕೊನೆ ಎಂದು ಮೊದಲ ಸಭೆಯಲ್ಲೇ ಬರೆದಿಟ್ಟುಕೊಳ್ಳಿ. ಹೆಸರನ್ನು ಕಲ್ಲಿನ ಮೇಲೆ ಬರುವ ಅಳತೆಯಲ್ಲೇ ಕಾಗದಕ್ಕೆ ಮುದ್ರಿಸಿ, ಪ್ರತಿ ಮನೆಯಿಂದ ಇಬ್ಬರ ರುಜು ಹಾಕಿಸಿ. ಒಬ್ಬರದೇ ಸಾಲದು: ದುಃಖದಲ್ಲಿರುವವರು ಓದದೆಯೇ ರುಜು ಹಾಕಿಬಿಡುತ್ತಾರೆ.

ಆಮೇಲೆ ಅನುಕ್ರಮ. ಅಕಾರಾದಿ ಸುಲಭ ಅನ್ನಿಸುತ್ತದೆ, ಆದರೆ ಇನಿಷಿಯಲ್ ಹೆಸರಿನ ಮುಂದಿದ್ದರೆ ಕಂಪ್ಯೂಟರು ಎಂ. ಮಂಜುನಾಥನನ್ನು 'ಎ'ಗೆ ಹಾಕುತ್ತದೆ, ಅವನ ತಂಗಿ ನಾಲ್ಕು ಚಪ್ಪಡಿ ಆಚೆ ಹೋಗುತ್ತಾಳೆ. ನ್ಯೂಯಾರ್ಕಿನಲ್ಲಿ 2001ರ ದಾಳಿಯ ಸ್ಮಾರಕಕ್ಕೆ ಅಕಾರಾದಿಯನ್ನೇ ಕೈಬಿಟ್ಟರು. ಅಲ್ಲಿ 2,983 ಹೆಸರು. 1993ರ ಸ್ಫೋಟದಲ್ಲಿ ಸತ್ತ 6 ಮಂದಿಯೂ ಅದರಲ್ಲಿ ಸೇರಿದ್ದಾರೆ. ಯಾರ ಪಕ್ಕ ಯಾರಿರಬೇಕೆಂದು ಮನೆಯವರನ್ನೇ ಕೇಳಿ, ಆ ಕೋರಿಕೆಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿದರು. ಒಕ್ಲಹೋಮಾ ನಗರದಲ್ಲಿ 1995ರ ಸ್ಫೋಟಕ್ಕೆ 168 ಕುರ್ಚಿಗಳಿವೆ, ಕಟ್ಟಡದ ಒಂಬತ್ತು ಮಹಡಿಗೆ ಒಂಬತ್ತು ಸಾಲು. ಮಕ್ಕಳ 19 ಕುರ್ಚಿ ಚಿಕ್ಕವು. ನಮ್ಮದು ಸಣ್ಣ ಪಟ್ಟಿ, ಸಾಫ್ಟ್‌ವೇರ್ ಬೇಕಾಗಲಿಲ್ಲ. ಚೀಟಿ ಕತ್ತರಿಸಿ, ನೆಲದ ಮೇಲೆ ಹರಡಿ, ಒಂದೇ ಮನೆಯವರನ್ನು ಮೊದಲು, ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರನ್ನು ಆಮೇಲೆ ಜೋಡಿಸಿದೆವು. ವಯಸ್ಸು, ಹುದ್ದೆ, ಊರು ಯಾವುದೂ ಬೇಡ. ಒಬ್ಬರಿಗೆ ಹುದ್ದೆ ಹಾಕಿದರೆ ಕೂಲಿಯವನ ಮನೆಯವರು ಏನು ಹಾಕಿಸಬೇಕು?

ಕೊನೆಯ ಚಪ್ಪಡಿಯಲ್ಲಿ ಮೂರು ಸಾಲು ಖಾಲಿ ಬಿಟ್ಟಿದ್ದೇವೆ. ಗಾಯಗೊಂಡವರಲ್ಲಿ ಯಾರಾದರೂ ವರ್ಷದ ಮೇಲೆ ತೀರಿಕೊಂಡರೆ ಇಡೀ ಕಲ್ಲು ಬದಲಿಸುವ ಗತಿ ಬರಬಾರದು.

ಈಗ ಅಕ್ಷರ. ಅಕ್ಷರದ ಎತ್ತರ 32 ಮಿ.ಮೀ. ಇಟ್ಟರೆ ಸಾಲಿನಿಂದ ಸಾಲಿಗೆ 72 ಮಿ.ಮೀ. ಬೇಕು. ಇಂಗ್ಲಿಷ್ ಲೆಕ್ಕದಲ್ಲಿ 50 ಸಾಕು ಎನ್ನುವ ಡಿಸೈನರು 'ಲಕ್ಷ್ಮಿ' ಬರೆದು ನೋಡಿಲ್ಲ ಎಂದರ್ಥ. ಎರಡು ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಅಕ್ಷರದ ಅಚ್ಚು ಕತ್ತರಿಸಿಕೊಡುವ ಸ್ಟೆನ್ಸಿಲ್ ಅಂಗಡಿಗೆ ಯೂನಿಕೋಡ್ ಫೈಲು ಕಳಿಸಬೇಡಿ. ಅವರು ಅದನ್ನು 'ನುಡಿ', 'ಬರಹ'ದಂಥ ಹಳೆಯ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ಇಲ್ಲವೇ ಎಲ್ಲ ಹೆಸರೂ ಹೊಸದಾಗಿ ಟೈಪ್ ಮಾಡುತ್ತಾರೆ, ಆಗ ರುಜು ಹಾಕಿಸಿದ ಕಾಗದಕ್ಕೆ ಬೆಲೆಯೇ ಉಳಿಯುವುದಿಲ್ಲ. ಅಕ್ಷರವನ್ನು ಗೆರೆಯ ಆಕೃತಿಯಾಗಿ ಮಾಡಿಯೇ ಕೊಡಿ.

ರಬ್ಬರ್ ಸ್ಟೆನ್ಸಿಲ್ ಅಂಟಿಸಿ, ಗಾಳಿಯಲ್ಲಿ ಮರಳು ಹೊಡೆಸಿ ಅಕ್ಷರ ಕೊರೆಸುವಾಗ ಎರಡು ಕಡೆ ಕೆಡುತ್ತದೆ. ಸೊನ್ನೆಯ ಒಳಗಿನ ರಬ್ಬರ್ ಚೂರು ಗಾಳಿಯ ಒತ್ತಡಕ್ಕೆ ಹಾರಿಹೋದರೆ ಸೊನ್ನೆ ಬರೀ ಗುಳಿ. ಇನ್ನೊಂದು ಮಹಾಪ್ರಾಣದ ಸೀಳು. ಅದರ ಅಗಲ 2 ಮಿ.ಮೀ.ಗಿಂತ ಕಡಿಮೆಯಾದರೆ ಮರಳು ಒಳಗೆ ಇಳಿಯುವುದಿಲ್ಲ, ಧನಂಜಯ ಹೋಗಿ ದನಂಜಯ ಆಗುತ್ತಾನೆ. ಒಂದು ಚಪ್ಪಡಿಯಲ್ಲಿ ಹೀಗೇ ಆಯಿತು; ಸೀಳನ್ನು ಉಳಿಯಲ್ಲಿ ಕೈಯಿಂದ ತೆಗೆಸಿದೆವು. ಅದಾದ ಮೇಲೆ ಸೊನ್ನೆ, ಮಹಾಪ್ರಾಣ, ದೀರ್ಘ ಮೂರನ್ನೂ ಫಾಂಟಿನಲ್ಲೇ ದಪ್ಪ ಮಾಡಿಸುತ್ತೇವೆ. ಆಳ 4 ಮಿ.ಮೀ. ಒಳಗೆ ಬಣ್ಣ ತುಂಬಬೇಡಿ. ಕಪ್ಪು ಗ್ರಾನೈಟಿನ ಪಾಲಿಶ್ ಮೇಲೆ ಒರಟು ಅಕ್ಷರ ತಾನೇ ಬೂದುಬಣ್ಣವಾಗಿ ಕಾಣುತ್ತದೆ. ಚಿನ್ನದ ಬಣ್ಣವಾದರೆ ಬಿಸಿಲಿಗೆ ಸಿಪ್ಪೆ ಏಳುತ್ತದೆ.

ಚಪ್ಪಡಿ 1,200 × 750 ಮಿ.ಮೀ., ದಪ್ಪ 30. ತೂಕ 80 ಕಿಲೋ ದಾಟುತ್ತದೆ. ಕಲ್ಲು ಚಾಮರಾಜನಗರದ ಕಪ್ಪು, ಎಲ್ಲ ಚಪ್ಪಡಿಯೂ ಒಂದೇ ದಿಮ್ಮಿಯಿಂದ ಕೊಯ್ಸಿದ್ದು. ಸಿಮೆಂಟಿನಲ್ಲಿ ಅಂಟಿಸಿದರೆ ಒಂದೆರಡು ಮಳೆಗಾಲದಲ್ಲಿ ಕೀಲಿನಿಂದ ಬಿಳಿ ಉಪ್ಪು ಇಳಿಯುತ್ತದೆ, ಹೆಸರಿನ ಮೇಲೇ. ಗೋಡೆಯಿಂದ 40 ಮಿ.ಮೀ. ಬಿಟ್ಟು ಸ್ಟೇನ್‌ಲೆಸ್ ಕ್ಲಾಂಪ್ ಮೇಲೆ ಕೂರಿಸಿದೆವು, ಕೀಲು 6 ಮಿ.ಮೀ. ಕೆಳಗಂಚು ನೆಲದಿಂದ 700 ಮಿ.ಮೀ. ಎಲ್ಲ ಹೆಸರೂ ಕೈಗೆ ಸಿಗಬೇಕು, ಗಾಲಿಕುರ್ಚಿಯವರಿಗೂ ಅಜ್ಜಿಯರಿಗೂ. ಬಂದವರು ಓದುವುದಕ್ಕಿಂತ ಮುಟ್ಟುವುದೇ ಹೆಚ್ಚು.

ಜಾಗದ ಬಗ್ಗೆ ಒಂದೇ ಮಾತು. ನಾರ್ವೆಯಲ್ಲಿ 2011ರ ದಾಳಿಯಲ್ಲಿ 77 ಮಂದಿ ಸತ್ತರು. ಉಟೋಯಾ ದ್ವೀಪದ ಎದುರಿನ ಭೂಶಿರವನ್ನು ಸೀಳಿ ಸ್ಮಾರಕ ಮಾಡುವ ಯೋಜನೆ ಸ್ಪರ್ಧೆಯಲ್ಲಿ ಗೆದ್ದೂ ಇತ್ತು. ದಿನಾ ಅದನ್ನೇ ನೋಡಬೇಕಾದ ನೆರೆಯವರು ಕೋರ್ಟಿಗೆ ಹೋದರು, 2017ರಲ್ಲಿ ಸರ್ಕಾರ ಕೈಬಿಟ್ಟಿತು. ನಕ್ಷೆ ಹಾಕುವ ಮೊದಲು ಎದುರಿನ ಮನೆಗಳ ಬಾಗಿಲು ತಟ್ಟಿ.

ವಿದೇಶದ ನಕ್ಷೆಗಳಲ್ಲಿ ಇಲ್ಲದ್ದು ದೀಪ. ನಮ್ಮವರು ಹೂವು, ಕುಂಕುಮ, ಎಣ್ಣೆ ತರದೆ ಬರುವುದಿಲ್ಲ, ಬೋರ್ಡು ಹಾಕಿದರೂ ಬಿಡುವುದಿಲ್ಲ. ಜಾಗ ಕೊಡದಿದ್ದರೆ ಹಣತೆ ಹೆಸರಿನ ಬುಡಕ್ಕೇ ಬರುತ್ತದೆ. ಮಸಿ ಮೇಲೇರುತ್ತದೆ, ಎಣ್ಣೆ ಒರಟು ಅಕ್ಷರಕ್ಕೆ ಇಳಿದರೆ ಬೂದು ಹೋಗಿ ಕಪ್ಪಾಗಿ ಹೆಸರೇ ಮಾಯ. ಗೋಡೆಯಿಂದ 450 ಮಿ.ಮೀ. ಮುಂದೆ ಬೇರೆಯೇ ದೀಪದ ಕಲ್ಲು ಇಟ್ಟೆವು. ಮೇಲ್ಮೈಗೆ ಪಾಲಿಶ್, 50ಕ್ಕೆ 1 ಇಳಿಜಾರು, ಮುಂದಂಚಿನಲ್ಲಿ 10 ಮಿ.ಮೀ. ತೋಡು. ಎತ್ತಿ ಬದಲಿಸಲು ಬರಲಿ ಎಂದು ಕೆಳಗೆ ಬರೀ ಮರಳು, ಗಾರೆಯಿಲ್ಲ. ತೊಳೆಯಲು ಸೋಪಿನ ನೀರು ಸಾಕು; ಆಸಿಡ್ ಹಾಕಿದರೆ ಕ್ಲಾಂಪ್ ತುಕ್ಕು ಹಿಡಿಯುತ್ತದೆ. ಅದೇ ಅಳತೆಯ ಇನ್ನೆರಡು ದೀಪದ ಕಲ್ಲನ್ನು ಆಗಲೇ ಕೊಯ್ಸಿ ಕಾವಲುಗಾರರ ಕೋಣೆಯ ಹಿಂದೆ ಇಟ್ಟಿದ್ದೇವೆ.