ಹೆಡ್‌ಸೆಟ್‌ನಲ್ಲಿ ಮನೆ ಮಸುಕಾಗಿ ಕಾಣ್ತಿದೆಯಾ? ಜಗಲಿಗೆ ಬನ್ನಿ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದ ಹುಡುಗರು ನಡುಮನೆಯಲ್ಲೇ ಕೂತು ಅಜ್ಜನ ತಲೆಗೆ ಕ್ವೆಸ್ಟ್ 3 ಕಟ್ಟಿದರು. ಅದು ಕಣ್ಣು ಮುಚ್ಚುವ ಹಾಗೆ ಹಾಕಿಕೊಳ್ಳುವ ಮೆಟಾ ಕಂಪನಿಯ ವಿಆರ್ ಹೆಡ್‌ಸೆಟ್. ‘ಕಣ್ಣಿಗೆ ಪೊರೆ ಬಂದ ಹಾಗಿದೆ ಮಾರಾಯ’ ಅಂದರು ಅಜ್ಜ. ಇದನ್ನು ನಾಲ್ಕಾರು ಮನೆಗಳಲ್ಲಿ ನೋಡಿದ್ದೇನೆ. ಹೆಡ್‌ಸೆಟ್ ಹಾಕಿಕೊಂಡೇ ಸುತ್ತಲಿನ ಮನೆ ಕಾಣುವುದು ಪಾಸ್‌ಥ್ರೂನಿಂದ, ಅಂದರೆ ಹೆಡ್‌ಸೆಟ್‌ನ ಮುಂದಿನ ಕ್ಯಾಮೆರಾಗಳು ಸೆರೆಹಿಡಿದು ಕಣ್ಣೆದುರಿನ ಪರದೆಗೆ ಕಳಿಸುವ ವಿಡಿಯೋದಿಂದ. ಕ್ಯಾಮೆರಾಕ್ಕೆ ಬೆಳಕು ಸಾಲದಿದ್ದರೆ ಅಜ್ಜನ ಮಾತೇ ನಿಜ.

ಮೊದಲು ಲೆನ್ಸನ್ನೂ ಮುಂದಿನ ಕ್ಯಾಮೆರಾಗಳನ್ನೂ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಪಂಚೆಯ ತುದಿ ಬೇಡ, ಸ್ಪಿರಿಟ್ ಬೇಡವೇ ಬೇಡ.

ಆಮೇಲೆ ಕೆಳಗಿನ ಚಕ್ರ ತಿರುಗಿಸಿ ಲೆನ್ಸ್‌ಗಳ ಅಂತರವನ್ನು ಕಣ್ಣಿಗೆ ಹೊಂದಿಸಿ.

ಇನ್ನು ಬೆಳಕು. ಎಲ್ಲರೂ ಎಡವುವುದು ಇಲ್ಲೇ. ಹಂಚಿನ ಮನೆ, ಸಣ್ಣ ಕಿಟಕಿ, ಕೆಂಪು ಗಾರೆ ನೆಲ, ಹೊರಗೆ ಜಡಿಮಳೆ. ನಮ್ಮ ಕಣ್ಣು ಹೇಗೋ ಸುಧಾರಿಸಿಕೊಳ್ಳುತ್ತದೆ. ಪುಟ್ಟ ಕ್ಯಾಮೆರಾ ಸುಧಾರಿಸಿಕೊಳ್ಳಲು ಹೋದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು ಕುಣಿಯುತ್ತವೆ. ಕತ್ತು ತಿರುಗಿಸಿದರೆ ಎಲ್ಲ ಕಲಸುತ್ತದೆ. ಹಗಲಾದರೆ ಜಗಲಿಗೆ ಬನ್ನಿ, ಮೋಡದ ಬೆಳಕೇ ಸಾಕು. ಬಿಸಿಲು ಬಂದರೆ ಮಾತ್ರ ಹುಷಾರು: ಲೆನ್ಸ್ ಭೂತಗನ್ನಡಿಯಂತೆ ಬಿಸಿಲನ್ನು ಒಟ್ಟುಮಾಡಿ ಒಳಗಿನ ಪರದೆ ಸುಡುತ್ತದೆ. ರಾತ್ರಿ ಒಂದೇ ಬಲ್ಬಿನ ಬದಲು ಎರಡು ಮೂಲೆಗಳಲ್ಲಿ ದೀಪ ಇಡಿ. ಸಂತೆಯಲ್ಲಿ ಸಿಗುವ ಅಗ್ಗದ ಎಲ್‌ಇಡಿ ತರಬೇಡಿ. ಅದು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಟುಕುತ್ತದೆ, ಕ್ಯಾಮೆರಾದಲ್ಲಿ ಪಟ್ಟೆಗಳಾಗಿ ಹರಿಯುತ್ತದೆ. ಹೆಡ್‌ಸೆಟ್‌ನ ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ 50 ಹರ್ಟ್ಸ್ ಇರಲಿ. ನಮ್ಮ ಕರೆಂಟ್ ಅದೇ, ದೀಪದ ಮಿಟುಕಿಗೆ ಕ್ಯಾಮೆರಾ ಹೊಂದಿಕೊಳ್ಳಲಿ. ಮೊಬೈಲ್ ಟಾರ್ಚ್ ಹಿಡಿದು ನೋಡೋಣ ಅನ್ನುವವರಿಗೆ: ಸುಮ್ನೆ ಕೈನೋವು.

ಈಗ ಪೇಪರ್ ಹಿಡಿದು ನೋಡಿ. ತಲೆಬರಹ ಓದಬಹುದು, ಅಡಿಕೆ ರೇಟಿನ ಸಣ್ಣ ಅಂಕಿಗೆ ತಿಣುಕಬೇಕು. ಕ್ವೆಸ್ಟ್ 3ರ ಪಾಸ್‌ಥ್ರೂ ನೋಟದ ಒಂದು ಡಿಗ್ರಿ ಅಗಲಕ್ಕೆ ಸುಮಾರು 18 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ, ಕೊಡುತ್ತದೆ, ಚುರುಕಾದ ಕಣ್ಣಿಗೆ ಸುಮಾರು 60 ಬೇಕು. ಆದರೂ ಹಿಂದಿನ ಮಾದರಿ ಕ್ವೆಸ್ಟ್ 2ರ ಕಪ್ಪು-ಬಿಳುಪು ಚಿತ್ರ ನೋಡಿದವರಿಗೆ ಇದು ಹಬ್ಬ.

ಎಷ್ಟೇ ಬೆಳಕಿದ್ದರೂ ಹೋಗದ ದೋಷ ಒಂದಿದೆ. ಕ್ಯಾಮೆರಾ ಇರುವುದು ಕಣ್ಣಿಗಿಂತ ಮುಂದೆ. ಆ ಅಂತರ ಮುಚ್ಚಲು ಸಾಫ್ಟ್‌ವೇರ್ ದೂರ ಅಂದಾಜು ಮಾಡಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ತೀರಾ ಹತ್ತಿರದಲ್ಲಿ ಅಂದಾಜು ತಪ್ಪುತ್ತದೆ, ಬೆರಳು ಡೊಂಕಾಗಿ ಸುತ್ತಲಿನ ಗೋಡೆ ಅಲುಗುತ್ತದೆ. ಬಿಸಿ ಕಾಫಿ ಲೋಟವನ್ನು ಹೆಡ್‌ಸೆಟ್ ತೆಗೆದೇ ಹಿಡಿಯಿರಿ.