ಹಿತ್ತಿಲಲ್ಲಿ ತಿಮಿಂಗಿಲ: ಮಕ್ಕಳಿಗೆ ಆಟದ ಮನೆ ಕಟ್ಟಿದ ನನ್ನ ಅನುಭವ

ಜಾಗದ ಅಳತೆ ಆಮೇಲೆ, ಮೊದಲು ಮಕ್ಕಳ ಅಳತೆ ತೆಗೆದುಕೊಂಡೆ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ನಿಂತರೆ ಎಷ್ಟೆತ್ತರ, ಕಾಲು ಚಾಚಿ ಕೂತರೆ ಎಷ್ಟುದ್ದ, ತೂರಿಕೊಳ್ಳೋಕೆ ಎಷ್ಟು ಸಂದಿ ಸಾಕು ಅಂತೆಲ್ಲ ಟೇಪು ಹಿಡಿದು ಬರೆದಿಟ್ಟೆ. ಬಾಗಿಲಿಗೆ ಮೂರಡಿ ಎತ್ತರ ಇಟ್ಟಿದ್ದು ಹಾಗೆ. ಮಗಳು ಸ್ವಲ್ಪ ಬಗ್ಗಿದರಾಯಿತು, ದೊಡ್ಡವರಾದರೆ ಮಂಡಿಯೂರಿ ತೆವಳಬೇಕು. ನಾವೂ ಸಲೀಸಾಗಿ ನುಗ್ಗುವಂತಿದ್ದರೆ ಅದು ಮಕ್ಕಳ ಮನೆ ಹೇಗಾಗುತ್ತದೆ?

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಅಡಿಕೆ ತೋಟದ ಮನೆ. ಅರ್ಧ ಸಾಮಾನು ಹಿತ್ತಿಲಲ್ಲೇ ಇತ್ತು. ಅಂಗಡಿಯ ಪ್ಲಾಸ್ಟಿಕ್ ಮನೆ ನೋಡಿದ್ದೆ, ಕಿಟಕಿ, ಒಲೆ, ಹೂಕುಂಡ ಎಲ್ಲ ಅಚ್ಚಲ್ಲೇ ಬಂದಿರುತ್ತದೆ. ಅದನ್ನು ಇನ್ನೇನೋ ಅಂದುಕೊಂಡು ಆಡೋಕೆ ದಾರಿಯೇ ಇಲ್ಲ. ಏನು ಬೇಕು ಚಿತ್ರ ಬರಿ ಅಂದಾಗ ಮಗಳು ಬರೆದದ್ದು ಬಾಯಿ ತೆರೆದ ತಿಮಿಂಗಿಲ. ಬಾಯೇ ಬಾಗಿಲು, ಹೊಟ್ಟೆಯೊಳಗೆ ಮನೆ. ಅಡಿಪಾಯಕ್ಕೆ ಮಾತ್ರ ನಾನು ಗದ್ದೆಯ ಮಾಳವನ್ನೇ ಹಿಡಿದೆ, ರಾತ್ರಿ ಹಂದಿ ಕಾಯೋಕೆ ಕಂಬದ ಮೇಲೆ ಕಟ್ಟುತ್ತಾರಲ್ಲ, ಅದೇ. ನೆಲದಿಂದ ಮೂರಡಿ ಮೇಲೆ ಐದಡಿಗೆ ಆರಡಿಯ ಅಟ್ಟ. ಬಿದಿರಿನ ಸೀಳು ಬಗ್ಗಿಸಿ ನಿಲ್ಲಿಸಿದ್ದು ಪಕ್ಕೆಲುಬು, ಮೇಲೆ ಹೊದಿಸಿದ ಅಡಿಕೆ ಸೋಗೆ ಚರ್ಮ. ದೊಡ್ಡವರಿಗೆ ಅದರಲ್ಲಿ ತಿಮಿಂಗಿಲ ಕಾಣುವುದಿಲ್ಲ. ಮಕ್ಕಳಿಗೆ ಕಾಣುತ್ತದೆ, ಸಾಕಲ್ವಾ.

ಕಂಬ ಅಕೇಶಿಯಾದ್ದು. ಮಣ್ಣಲ್ಲಿ ಹೂತರೆ ಒರಲೆ (ಗೆದ್ದಲು) ಬಿಡುವುದಿಲ್ಲ, ಅದಕ್ಕೇ ಕಾಂಕ್ರೀಟಿನಲ್ಲಿ ಕಬ್ಬಿಣದ ಪಟ್ಟಿ ಕೂರಿಸಿ, ಕಂಬವನ್ನು ನೆಲದಿಂದ ಎರಡಿಂಚು ಮೇಲೆ ನಿಲ್ಲಿಸಿ ಬೋಲ್ಟು ಹಾಕಿದೆವು. ಕಂಬ ಓಲಾಡದ ಹಾಗೆ ಓರೆಯಾಗಿ ಪಟ್ಟಿ ಬೇಕೇ ಬೇಕು. ಒರಲೆಗೆ ಗೇರು ಸಿಪ್ಪೆಯ ಎಣ್ಣೆ ಒಳ್ಳೆಯ ಮದ್ದು, ಆದರೆ ಹಸಿಯಾಗಿ ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ. ಕಂಬದ ತಳಕ್ಕೆ ಮಾತ್ರ ಹಚ್ಚಿದೆ. ಮಕ್ಕಳ ಕೈ ಹೋಗುವ ಕಡೆ ಅದು ಬೇಡವೇ ಬೇಡ.

ಬಿದಿರು ಬಲಿತದ್ದೇ ಆಗಬೇಕು, ಮೂರು ವರ್ಷ ದಾಟಿದ್ದು. ಅದರಲ್ಲಿರುವ ಪಿಷ್ಟಕ್ಕೆ ಹುಳ ಬಂದು ಕೊರೆದು ಹಿಟ್ಟು ಉದುರಿಸುತ್ತದೆ. ಚಳಿಗಾಲದಲ್ಲಿ ಕಡಿದು ವಾರಗಟ್ಟಲೆ ನೀರಲ್ಲಿ ಮುಳುಗಿಸಿಟ್ಟರೆ ಆ ಕಾಟ ಕಡಿಮೆ. ನೀರಿಂದ ತೆಗೆದ ಮೇಲೆ ಸೀಳಿ, ಹಸಿ ಇರುವಾಗಲೇ ಬಗ್ಗಿಸಿ ಕಟ್ಟಿದೆ, ಒಣಗಿದ ಮೇಲೂ ಬಾಗು ಹಾಗೇ ನಿಂತಿತು.

ಜಾಸ್ತಿ ಹೊತ್ತು ತಿಂದದ್ದು ಅಟ್ಟದ ದಬ್ಬೆ. ಹಳೇ ಅಡಿಕೆ ಮರ ಸೀಳಿ, ಒಳಗಿನ ಮೆತ್ತನೆ ತಿರುಳನ್ನೆಲ್ಲ ಕೆತ್ತಿ ತೆಗೆಯಬೇಕು. ಸುಮ್ನೆ ಮೊಳೆ ಹೊಡೆದರೆ ಉದ್ದಕ್ಕೂ ಬಿರಿಯುತ್ತದೆ, ಮೊದಲು ಡ್ರಿಲ್ಲಿನಲ್ಲಿ ತೂತು ಕೊರೆದು ಆಮೇಲೆ ಸ್ಕ್ರೂ ಹಾಕಬೇಕು. ಅಡಿಕೆ ದಬ್ಬೆಯ ಸಿಬಿರು ಚುಚ್ಚಿಸಿಕೊಂಡವರಿಗೇ ಗೊತ್ತು ಅದರ ಉರಿ. ಅಂಚನ್ನೆಲ್ಲ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಹಳೇ ಪಂಚೆಯ ತುಂಡನ್ನು ಅದರ ಮೇಲೆ ಮೆಲ್ಲಗೆ ಎಳೆದು ನೋಡಿದೆ. ನೂಲು ಸಿಕ್ಕಿಕೊಂಡ ಕಡೆ ಸಿಬಿರು ಇದೆ ಅಂತ ಲೆಕ್ಕ, ಅಲ್ಲಿ ಮತ್ತೆ ಉಜ್ಜುವುದು. ಬರೀ ಕೈಯಲ್ಲಿ ಸವರಿದರೆ ನಮ್ಮ ಜಡ್ಡುಗಟ್ಟಿದ ಅಂಗೈಗೆ ಅದೆಲ್ಲ ತಿಳಿಯುವುದಿಲ್ಲ.

ಅಟ್ಟದ ಸುತ್ತ ತಡೆಗೆ ಹಾಕುವ ಕಟಾಂಜನದ ವಿಷಯದಲ್ಲಿ ಆಚಾರಿಗೂ ನನಗೂ ಸ್ವಲ್ಪ ಜಟಾಪಟಿ ಆಯಿತು. "ಸರಳು ಇಷ್ಟು ಒತ್ತಾಗಿ ಇಟ್ರೆ ಕೋಳಿಗೂಡು ಆಗ್ತದೆ ಮಾರಾಯ್ರೆ" ಅಂದರು. ಸಂದಿ ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು, ಇಲ್ಲಾ ಒಂಬತ್ತು ಇಂಚಿಗಿಂತ ಜಾಸ್ತಿ ಇರಬೇಕು. ಅಮೆರಿಕದ ಆಟದ ಮೈದಾನಗಳ ಸುರಕ್ಷತಾ ಕೈಪಿಡಿಯ ಲೆಕ್ಕ ಇದು. ನಡುವಿನ ಅಳತೆಯಲ್ಲಿ ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ನಾನು ಮೂರಿಂಚಿಗೇ ಹಟ ಹಿಡಿದೆ. ಕೆಳಗೆ ಸುತ್ತಲೂ ಮರಳು ಹಾಸಿದೆ.

ಒಳಗೆ ಏನನ್ನೂ ಮಾಡಿಕೊಡಲಿಲ್ಲ, ಎರಡು ಬಿಟ್ಟು. ಒಂದು, ಬಾವಿಯ ಹಳೇ ಗಡಗಡೆ, ಮಂಡಕ್ಕಿ ಚೀಲ ಮೇಲೆಳೆಯೋಕೆ (ಹಗ್ಗ ಉದ್ದ ಬಿಡಬಾರದು, ಕುತ್ತಿಗೆಗೆ ಸುತ್ತಿಕೊಂಡರೆ ಕಷ್ಟ). ಇನ್ನೊಂದು, ಅಟ್ಟದಿಂದ ಮಾವಿನ ಮರದ ಬುಡಕ್ಕೆ ಎಳೆದ ಪಿವಿಸಿ ಪೈಪು. ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಯಲ್ಲಿ ಕಿವಿಯೊಳಗೇ ಹೇಳಿದ ಹಾಗೆ ಕೇಳುತ್ತದೆ, ದನಿ ಪೈಪಿನ ಗೋಡೆ ದಾಟಿ ಚದುರುವುದಿಲ್ಲ. ಉಳಿದದ್ದಕ್ಕೆ ಒಂದು ಮೂಲೆಯಲ್ಲಿ ಅಡಿಕೆ ಹಾಳೆ, ತೆಂಗಿನ ಗರಟೆ, ಹಳೇ ಸೀರೆ, ಹಲಗೆ ಚೂರು ಗುಡ್ಡೆ ಹಾಕಿದೆ. ಇದೇನು ನನ್ನ ಹೊಸ ಶೋಧನೆ ಅಲ್ಲ. ತಾವು ಕಟ್ಟಿಕೊಟ್ಟ ಮೈದಾನ ಬಿಟ್ಟು ಮಕ್ಕಳು ಬೇರೆಲ್ಲೋ ಆಡುತ್ತಾರೆ ಅಂತ ಗಮನಿಸಿದ ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕಾರ ಸೊರೆನ್ಸೆನ್, 1943ರಲ್ಲಿ ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಗುಜರಿ ಸಾಮಾನಿನ ಆಟದ ಮೈದಾನವನ್ನೇ ಶುರು ಮಾಡಿಸಿದ್ದರು. ನಮ್ಮಲ್ಲೂ ತಿಮಿಂಗಿಲ ಒಂದು ವಾರ ಬಸ್ಸಾಯಿತು, ಆಮೇಲೆ ಮಗ ಅದನ್ನು ಆಸ್ಪತ್ರೆ ಮಾಡಿದ, ನನಗೆ ಗರಟೆಯಲ್ಲಿ ಔಷಧಿ ಸಿಗುತ್ತದೆ.

ಸೋಗೆಯನ್ನು ಪ್ರತಿ ವರ್ಷ ಮಳೆಗೆ ಮುಂಚೆ ಬದಲಿಸಬೇಕು. ಹಳೇ ಸೋಗೆಯಲ್ಲಿ ಚೇಳು ಸೇರುತ್ತದೆ, ಇಲಿ ಬಂದರೆ ಹಿಂದೆಯೇ ಹಾವು. ಅಟ್ಟದ ಕೆಳಗೆ ಏನೂ ಪೇರಿಸಿಡುವಂತಿಲ್ಲ, ಹತ್ತುವ ಮೊದಲು ಕೋಲಲ್ಲಿ ತಟ್ಟಬೇಕು ಅನ್ನೋದು ಮನೆಯ ಕಾನೂನು. ಬೋಲ್ಟು ಬಿಗಿ ಮಾಡುವುದೂ ಆ ಹೊತ್ತಿಗೇ, ಮರ ಒಣಗಿ ಕುಗ್ಗಿದ ಹಾಗೆ ಅವು ಸಡಿಲ ಆಗಿರುತ್ತವೆ.