ಇಎಸ್‌ಐ ಅಂಗವಿಕಲತೆ ಸೌಲಭ್ಯ: ದುಡಿಯುವ ಸಾಮರ್ಥ್ಯದ ನಷ್ಟವನ್ನು ಲೆಕ್ಕ ಹಾಕುವ ಬಗೆ

ಕೆಲಸದ ವೇಳೆ ಗಾಯಗೊಂಡ ಕಾರ್ಮಿಕರು ಮೊದಲು ಮಾಡಬೇಕಾದದ್ದು, ಅಪಘಾತವನ್ನು ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಬರೆಸುವುದು. ಈ ದಾಖಲೆ ಇಲ್ಲದಿದ್ದರೆ ಗಾಯ ಕೆಲಸದಿಂದಲೇ ಆಯಿತೆಂದು ತೋರಿಸುವುದು ಬಹಳ ಕಷ್ಟ.

ದುಡಿಯಲು ಅಸಮರ್ಥರೆಂದು ಇಎಸ್‌ಐ (ನೌಕರರ ರಾಜ್ಯ ವಿಮೆ) ವೈದ್ಯರು ಪ್ರಮಾಣಪತ್ರ ಕೊಡುವಷ್ಟು ದಿನ ಸರಾಸರಿ ಕೂಲಿಯ ಶೇ. 90ರಷ್ಟು ತಾತ್ಕಾಲಿಕ ಸೌಲಭ್ಯ ಸಿಗುತ್ತದೆ. ಕೆಲಸಕ್ಕೆ ಅರ್ಹರೆಂಬ ಪತ್ರ ಬಂದೊಡನೆ ಅದು ನಿಲ್ಲುತ್ತದೆ; ಆದರೆ ಹಕ್ಕು ಅಲ್ಲಿಗೆ ಮುಗಿಯುವುದಿಲ್ಲ. ಗಾಯದಿಂದ ಶಾಶ್ವತ ಊನ ಉಳಿದಿದ್ದರೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಶಾಖಾ ಕಚೇರಿಗೆ ಅರ್ಜಿ ಕೊಡಬೇಕು.

ಮಂಡಳಿ ನಿರ್ಧರಿಸುವುದು ಗಳಿಕೆಯ ಸಾಮರ್ಥ್ಯ ಶೇಕಡಾ ಎಷ್ಟು ಕುಗ್ಗಿದೆ ಎಂಬುದನ್ನು. ಕೆಲವು ಗಾಯಗಳಿಗೆ ಕಾನೂನಿನ ಅನುಸೂಚಿಯೇ ಪ್ರಮಾಣ ನಿಗದಿ ಮಾಡಿದೆ: ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14. ದಿನದ ಸರಾಸರಿ ಕೂಲಿ 600 ರೂಪಾಯಿ ಇದ್ದವರ ಪೂರ್ಣ ದರ, ಅಂದರೆ ಕೂಲಿಯ ಶೇ. 90, 540 ರೂಪಾಯಿ; ಪ್ರೆಸ್ ಯಂತ್ರಕ್ಕೆ ಹೆಬ್ಬೆರಳು ಕಳೆದುಕೊಂಡರೆ ಅದರ ಶೇ. 30, ಅಂದರೆ ದಿನಕ್ಕೆ 162 ರೂಪಾಯಿ ಶಾಶ್ವತ ಸೌಲಭ್ಯವಾಗಿ ಸಿಗುತ್ತದೆ. ಮತ್ತೆ ಕೆಲಸಕ್ಕೆ ಸೇರಿದರೆ ಇದು ನಿಂತುಹೋಗುತ್ತದೆಂಬ ಭಯದಿಂದ ಹಲವರು ಅರ್ಜಿಯನ್ನೇ ಹಾಕುವುದಿಲ್ಲ, ಇದು ನಿಜಕ್ಕೂ ನೋವಿನ ಸಂಗತಿ. ಶಾಶ್ವತ ಸೌಲಭ್ಯ ಪಡೆಯುತ್ತಲೇ ದುಡಿಯಲು ಯಾವ ಅಡ್ಡಿಯೂ ಇಲ್ಲ.

ಅನುಸೂಚಿಯಲ್ಲಿಲ್ಲದ ಗಾಯವಾದರೆ, ಮೊದಲು ಮಾಡುತ್ತಿದ್ದ ಕೆಲಸದಲ್ಲಿ ಈಗ ಯಾವುದು ಆಗುತ್ತಿಲ್ಲ ಎಂಬುದನ್ನು ಮಂಡಳಿಗೆ ಬಿಡಿಸಿ ಹೇಳಿ. “ಕೈ ನೋಯುತ್ತದೆ” ಎನ್ನುವುದಕ್ಕಿಂತ “ಸ್ಪ್ಯಾನರ್ ಬಿಗಿಯಾಗಿ ಹಿಡಿಯಲಾಗುವುದಿಲ್ಲ” ಎನ್ನುವುದು ಹೆಚ್ಚು ಸ್ಪಷ್ಟ. ನಿರ್ಧಾರ ಒಪ್ಪಿಗೆಯಾಗದಿದ್ದರೆ ತಡಮಾಡದೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ.